ಯೋಜನೆ ಬಿಟ್ಟು ಹೊರಡುವ ವೈದ್ಯರಿಗೆ, ವಿಮಾ ಕೌಂಟರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

ಸರ್ಕಾರಿ ಆರೋಗ್ಯ ವಿಮೆಯ ರೋಗಿಗಳನ್ನು ಇನ್ನು ನೋಡುವುದಿಲ್ಲ ಎಂದು ನಿಮ್ಮಲ್ಲಿ ಕೆಲವರು ತೀರ್ಮಾನಿಸಿದ್ದೀರಿ, ಕೆಲವರು ಇನ್ನೂ ಯೋಚನೆಯಲ್ಲಿದ್ದೀರಿ. ನಾನು ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಕೆಲಸ ಮಾಡುವವಳು. ನೀವು ಬರೆದ ಕೇಸ್ ಶೀಟು ಕ್ಲೇಮ್ ಆಗಿ ಹೋಗುವುದು, ಆಕ್ಷೇಪಣೆ ಹೊತ್ತು ವಾಪಸ್ ಬರುವುದು, ಕೊನೆಗೆ ಕಡಿತವಾಗಿ ಅಷ್ಟೋ ಇಷ್ಟೋ ಹಣ ಖಾತೆಗೆ ಬೀಳುವುದು, ಎಲ್ಲವೂ ನನ್ನ ಕಣ್ಣೆದುರೇ ನಡೆಯುತ್ತದೆ. ನೀವು ಯೋಜನೆ ಬಿಟ್ಟ ಮರುದಿನ ಆ ಸುದ್ದಿಯನ್ನು ರೋಗಿಗೆ ಹೇಳುವವಳೂ ನಾನೇ. ಎರಡೂ ಕಡೆಯನ್ನು ಹತ್ತಿರದಿಂದ ಕಂಡಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಹೊರಗೆ ಹೋಗುವ ವೈದ್ಯರೆಲ್ಲ ದುಡ್ಡಿನ ಆಸೆಗೇ ಹೋಗುತ್ತಾರೆ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಕ್ಲೇಮಿನ ಹಾದಿಯನ್ನು ನೋಡಿದ ಯಾರೂ ಒಪ್ಪಲಾರರು. ತೊಡೆಮೂಳೆ ಮುರಿದುಕೊಂಡ ಒಬ್ಬ ರೋಗಿ. ಜೊತೆಗೆ ಸಕ್ಕರೆ ಕಾಯಿಲೆ, ಹೀಗಾಗಿ ಗಾಯ ಬೇಗ ಮಾಯಲಿಲ್ಲ. ಯೋಜನೆಯ ಪ್ಯಾಕೇಜು (ಒಂದು ಚಿಕಿತ್ಸೆಗೆಂದು ಮೊದಲೇ ಗೊತ್ತುಮಾಡಿದ ಮೊತ್ತ) ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ದಿನ ಅವರು ವಾರ್ಡಿನಲ್ಲಿ ಉಳಿಯಬೇಕಾಯಿತು. ಪ್ಯಾಕೇಜು ಮಾತ್ರ ಅಷ್ಟೇ. ಕ್ಲೇಮ್ ಕಳಿಸಿದೆವು. ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇಯಲ್ಲಿ ದಿನಾಂಕ ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದು ಮೊದಲ ಕ್ವೆರಿ ಬಂತು. ಅದನ್ನು ಸರಿಪಡಿಸಿದರೆ, ಇಷ್ಟು ದಿನ ಏಕೆ ಇಟ್ಟುಕೊಂಡಿರಿ ಎಂದು ಎರಡನೆಯದು. ಮೂಳೆ ವೈದ್ಯರು ಓಪಿಡಿ ಮುಗಿಸಿ, ರೌಂಡ್ಸ್ ಮುಗಿಸಿ, ರಾತ್ರಿ ನಮ್ಮ ಕೋಣೆಯ ಮುರುಕು ಕುರ್ಚಿಯಲ್ಲಿ ಕೂತು ವಿವರಣೆ ಬರೆದುಕೊಟ್ಟರು. ಹಣ ಬಂದಾಗ ಅದರಲ್ಲಿ ಒಂದು ಭಾಗ ಕಡಿತವಾಗಿತ್ತು. ಕಾರಣದ ಜಾಗದಲ್ಲಿ ‘ನಿಯಮಾನುಸಾರ’ ಎಂಬ ಒಂದೇ ಪದ. ಯಾವ ನಿಯಮ ಎಂದು ಅವರು ನನ್ನನ್ನು ಕೇಳಿದರು. ನಾನು ಯಾರನ್ನು ಕೇಳಲಿ?

ಇದು ಯಾವುದೋ ಒಂದು ದೇಶದ ರೋಗವಲ್ಲ. ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರಲ್ಲಿ ದಂತವೈದ್ಯರಿಗೆ ಹೊಸ ಒಪ್ಪಂದ ಬಂತು. ಅದರ ಪ್ರಕಾರ ಒಂದು ಹಲ್ಲಿನ ಹುಳುಕು ತುಂಬಿದರೂ, ಅದೇ ರೋಗಿಯ ಆರು ಹಲ್ಲುಗಳ ಹುಳುಕು ತುಂಬಿದರೂ ವೈದ್ಯರಿಗೆ ಸಿಗುತ್ತಿದ್ದ ಅಂಕ ಒಂದೇ, ಹಣವೂ ಒಂದೇ. ಬಾಯಿ ತೀರಾ ಹದಗೆಟ್ಟ ಬಡ ರೋಗಿಯೇ ವೈದ್ಯರಿಗೆ ಹೆಚ್ಚು ನಷ್ಟ ತರುವಂತೆ ಬರೆದ ನಿಯಮ ಅದು. ಇಂಗ್ಲೆಂಡಿನಲ್ಲಿ ಅದಕ್ಕೆ ತಿದ್ದುಪಡಿ ಬರುವ ಹೊತ್ತಿಗೆ 2022 ಆಗಿತ್ತು. ಹೀಗೆ ನಿಯಮವೇ ಅಡ್ಡ ನಿಂತಾಗ ವೈದ್ಯರಿಗೆ ಬೇಸರ ಬರುವುದು ಸಹಜ. ತಿಂಗಳಾಯಿತೆಂದರೆ ನರ್ಸುಗಳ ಸಂಬಳ, ಆಮ್ಲಜನಕದ ಬಿಲ್ಲು, ಔಷಧಿ ಪೂರೈಸಿದವರ ಬಾಕಿ ಎದುರಿಗೆ ನಿಲ್ಲುತ್ತವೆ. ಬರಬೇಕಾದ ಕ್ಲೇಮಿಗೆ ಮಾತ್ರ ತಾರೀಖಿಲ್ಲ.

ಆದ್ದರಿಂದ ನಿಮ್ಮ ದೂರು ನಿಜವೇ ಎಂಬ ಪ್ರಶ್ನೆ ನನಗಿಲ್ಲ. ನಿಜವಾದ ದೂರಿಗೆ ನೀವು ಕಂಡುಕೊಂಡ ಪರಿಹಾರದ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅವರ ಮಗನಿಗೆ ಮೂರ್ಛೆರೋಗ. ನೋಡುತ್ತಿದ್ದ ನರರೋಗ ತಜ್ಞರು ಹಳೆಯ ಮಾತ್ರೆಯನ್ನು ವಾರವಾರ ಇಳಿಸುತ್ತ, ಹೊಸದನ್ನು ಏರಿಸುತ್ತ ಬರುತ್ತಿದ್ದರು. ಇದರ ಮಧ್ಯದಲ್ಲೇ ಅವರು ಯೋಜನೆಯಿಂದ ಹೊರಬಂದರು. ತಾಯಿ ಎಂದಿನಂತೆ ಕಾರ್ಡು ಮುಂದಿಟ್ಟರು. ಡಾಕ್ಟರು ಈಗ ಈ ಯೋಜನೆಯಲ್ಲಿ ನೋಡುವುದಿಲ್ಲ, ಫೀಸು ಕಟ್ಟಬೇಕಾಗುತ್ತದೆ ಎಂದೆ. ಅವರು ಜಗಳವಾಡಲಿಲ್ಲ. ಚೀಟಿಯ ಹಿಂಬದಿ ತೋರಿಸಿ, ‘ಈ ವಾರ ಬೆಳಿಗ್ಗೇದು ಅರ್ಧ ಮಾಡಿ ಅಂತ ಬರ್ದಿದಾರೆ ಮೇಡಂ. ಮುಂದಿನ ವಾರದ್ದು ಯಾರ್ನ ಕೇಳ್ಲಿ?’ ಎಂದರು. ಅವರು ನಿಂತ ಜಾಗದಿಂದಲೇ ಡಾಕ್ಟರ ಕೋಣೆಯ ಬಾಗಿಲು ಕಾಣುತ್ತಿತ್ತು. ಒಳಗೆ ಅದೇ ಡಾಕ್ಟರು ಕೂತಿದ್ದರು.

ಯೋಜನೆಯ ದರ ಕಡಿಮೆಯಾದದ್ದಕ್ಕೆ ಈ ತಾಯಿ ಕಾರಣರಲ್ಲ. ಕ್ಲೇಮು ತಡವಾದದ್ದಕ್ಕೂ ಅವರು ಕಾರಣರಲ್ಲ. ಡಾಕ್ಟರಿಗೂ ಯೋಜನೆ ನಡೆಸುವವರಿಗೂ ನಡುವೆ ಇದ್ದ ವ್ಯಾಜ್ಯದಲ್ಲಿ ದಂಡ ಕಟ್ಟಿದವರು ಅವರೊಬ್ಬರೇ. ಡಾಕ್ಟರು ಹೊರಗೆ ಹೋಗಿದ್ದರಿಂದ ಯೋಜನೆ ನಡೆಸುವ ಕಚೇರಿಗೆ ಆದದ್ದೇನು? ಒಂದು ಕ್ಲೇಮು ಕಡಿಮೆಯಾಯಿತು, ಅಷ್ಟು ಹಣ ಉಳಿಯಿತು. ಸದ್ದಿಲ್ಲದೆ ಒಬ್ಬೊಬ್ಬರಾಗಿ ಹೊರಬೀಳುವುದರಿಂದ ತಪ್ಪು ಮಾಡಿದವರಿಗೆ ಬಿಸಿಯೇ ತಟ್ಟುವುದಿಲ್ಲ. ನಾನು ಮತ್ತೆ ಮತ್ತೆ ಈ ಮಾತಿಗೇ ಬಂದು ನಿಲ್ಲುತ್ತೇನೆ.

ಯಾರಿಗೆ ಚಿಕಿತ್ಸೆ ಕೊಡಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ವೈದ್ಯರಿಗೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅಮೆರಿಕದ ವೈದ್ಯಕೀಯ ಸಂಘದ ನೀತಿಸೂತ್ರಗಳಲ್ಲಿ ಆರನೆಯದು ಇದನ್ನೇ ಹೇಳುತ್ತದೆ: ತುರ್ತು ಸಂದರ್ಭ ಬಿಟ್ಟರೆ, ಯಾರಿಗೆ ಸೇವೆ ಕೊಡಬೇಕು, ಎಂಥ ವಾತಾವರಣದಲ್ಲಿ ಕೊಡಬೇಕು ಎಂಬುದನ್ನು ವೈದ್ಯರು ತಾವೇ ನಿರ್ಧರಿಸಬಹುದು. ಅದೇ ಸಂಘ 2001ರಲ್ಲಿ ಒಂಬತ್ತನೆಯ ಸೂತ್ರವೊಂದನ್ನು ಸೇರಿಸಿತು. ಎಲ್ಲ ಜನರಿಗೂ ವೈದ್ಯಕೀಯ ಆರೈಕೆ ಸಿಗುವುದನ್ನು ವೈದ್ಯರು ಬೆಂಬಲಿಸಬೇಕು ಎಂಬುದು ಅದರ ಸಾರ. ಎರಡೂ ಒಂದೇ ಪುಟದಲ್ಲಿವೆ. ಸ್ವಾತಂತ್ರ್ಯದ ಮಾತು ಬಂದಾಗ ಆರನೆಯದನ್ನು ಮಾತ್ರ ಓದಿ ಪುಟ ಮಗುಚುವುದು ನ್ಯಾಯವಲ್ಲ.

ಇದಲ್ಲದೆ ನಿಮ್ಮ ವೃತ್ತಿ ಬೇರೆ ಕಸುಬುಗಳಂತೆ ತೆರೆದ ಬಾಗಿಲಿನದಲ್ಲ. ನೋಂದಣಿ ಇಲ್ಲದ ಬೇರೆ ಯಾರೂ ಆ ಹುಡುಗನಿಗೆ ಮಾತ್ರೆ ಬರೆದುಕೊಡುವಂತಿಲ್ಲ, ಬರೆದರೆ ಶಿಕ್ಷೆ. ಆ ಹಕ್ಕನ್ನು ನಿಮಗೆ ಮಾತ್ರ ಮೀಸಲಿಟ್ಟದ್ದು ಸಮಾಜ. ನೀವು ಕಲಿತದ್ದರಲ್ಲೂ ಸಮಾಜದ ಪಾಲಿದೆ. ಅಮೆರಿಕದ ಮೆಡಿಕೇರ್ ವಯಸ್ಸಾದವರ ವಿಮೆ ಎಂದೇ ಎಲ್ಲರಿಗೂ ಗೊತ್ತು. 1965ರಲ್ಲಿ ಅದು ಕಾನೂನಾದಾಗಿನಿಂದ ಬೋಧನಾ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರ ತರಬೇತಿಗೂ ಅದೇ ನಿಧಿಯಿಂದ ಹಣ ಹೋಗುತ್ತಿದೆ. ಮುಂದೆ ಮೆಡಿಕೇರ್ ಬಿಟ್ಟು ಹೊರಡುವ ವೈದ್ಯರೂ ಆ ಹಣದಲ್ಲಿ ಪಳಗಿದವರೇ. ನೀವು ಕಲಿಯುವಾಗ ನಿಮ್ಮ ಅಳುಕುವ ಕೈಗೆ ತಮ್ಮ ಮೈಯೊಪ್ಪಿಸಿದವರು ಬಹುಪಾಲು ಯಾರು? ಸರ್ಕಾರಿ ವಾರ್ಡಿನ ರೋಗಿಗಳೇ. ಈ ಋಣವನ್ನು ಕಾನೂನಿನ ಮೂಲಕ ವಸೂಲಿ ಮಾಡಬೇಕೆಂದು ನಾನು ಹೇಳುವುದಿಲ್ಲ. ನಿರ್ಧಾರ ಮಾಡುವಾಗ ಅದು ಲೆಕ್ಕಕ್ಕೆ ಬರಬೇಕು ಎನ್ನುತ್ತೇನೆ.

ಹೊರಹೋಗುವುದರಲ್ಲೂ ಹಲವು ಬಗೆಗಳಿವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಭಾರತದ ಆಯುಷ್ಮಾನ್ ಭಾರತದಂಥ ಯೋಜನೆಯಲ್ಲಿ ನೋಂದಣಿ ಇರುವುದು ಆಸ್ಪತ್ರೆಯ ಹೆಸರಿನಲ್ಲಿ, ಮೆಡಿಕೇರ್‌ನಲ್ಲಿ ವೈದ್ಯರ ಹೆಸರಿನಲ್ಲೂ. ಸಹಿ ಯಾರದಾದರೂ ಬಾಗಿಲ ಮುಂದೆ ನಿಂತ ರೋಗಿಯ ಪಾಡು ಒಂದೇ. ಅಮೆರಿಕದ 1997ರ ಕಾನೂನು ವೈದ್ಯರಿಗೆ ಮೆಡಿಕೇರ್‌ನಿಂದ ಹೊರಗುಳಿಯುವ ದಾರಿಯನ್ನು ಬಿಚ್ಚಿ ಬರೆದಿಟ್ಟಿದೆ. ಪ್ರಮಾಣಪತ್ರ ಸಲ್ಲಿಸಬೇಕು, ಒಮ್ಮೆ ಹೊರಬಂದರೆ ಎರಡು ವರ್ಷದ ಮಾತು. ಮೆಡಿಕೇರ್‌ನ ಪ್ರತಿಯೊಬ್ಬ ರೋಗಿಯೊಂದಿಗೂ ಲಿಖಿತ ಒಪ್ಪಂದ ಬೇಕು. ಈ ಹಣ ನಿಮಗೆ ಮೆಡಿಕೇರ್‌ನಿಂದ ವಾಪಸ್ ಬರುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಲಾಭದ ರೋಗಿಯನ್ನು ಯೋಜನೆಯಲ್ಲಿ ನೋಡಿ, ಉಳಿದವರನ್ನು ಖಾಸಗಿಯಾಗಿ ನೋಡುವಂತಿಲ್ಲ. ಬಿಟ್ಟರೆ ಪೂರ್ತಿ ಬಿಡಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಂದ ಅಂಥ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಆ ದಾರಿ ಹಿಡಿದವರನ್ನು ನಾನು ಒಪ್ಪದಿರಬಹುದು, ಆದರೆ ಅವರು ರೋಗಿಯನ್ನು ಕತ್ತಲಲ್ಲಿ ಇಟ್ಟಿಲ್ಲ.

ನನಗೆ ಹೆಚ್ಚು ಸಂಕಟ ತರುವುದು ಇನ್ನೊಂದು ಬಗೆ. ಹೆಸರು ಯೋಜನೆಯ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಅಪಾಯಿಂಟ್‌ಮೆಂಟ್ ಮಾತ್ರ ಸಿಗುವುದಿಲ್ಲ. ಕಾರ್ಡಿನ ರೋಗಿ ಎಂದಾಕ್ಷಣ ಮುಂದಿನ ತಿಂಗಳು ನೋಡೋಣ, ಹಾಸಿಗೆ ಖಾಲಿಯಿಲ್ಲ, ಮಷೀನು ರಿಪೇರಿಯಲ್ಲಿದೆ. ಇಲ್ಲವೇ ಚಿಕಿತ್ಸೆ ಯೋಜನೆಯಲ್ಲಿ, ಆದರೆ ಕೈಗೆ ಇಷ್ಟು ಬೇರೆ ಕೊಡಬೇಕು ಎಂಬ ಮಾತು. ಇಂಥ ಹೆಚ್ಚುವರಿ ವಸೂಲಿಗೆ ತಡೆಹಾಕಲೆಂದೇ ಕೆನಡಾ 1984ರಲ್ಲಿ ಕಾನೂನು ಮಾಡಿತು: ವೈದ್ಯರು ರೋಗಿಗಳಿಂದ ಹೆಚ್ಚುವರಿಯಾಗಿ ಎಷ್ಟು ವಸೂಲಿ ಮಾಡಿದರೋ ಅಷ್ಟನ್ನು ಆ ಪ್ರಾಂತ್ಯಕ್ಕೆ ಬರುವ ಕೇಂದ್ರದ ಅನುದಾನದಿಂದ ಮುರಿದುಕೊಳ್ಳುವುದು. ಅದರ ಬೆನ್ನಲ್ಲೇ ಒಂಟಾರಿಯೊ ಪ್ರಾಂತ್ಯ ಹೆಚ್ಚುವರಿ ವಸೂಲಿಯನ್ನು ನಿಷೇಧಿಸಲು ಹೊರಟಾಗ, ಅದನ್ನು ವಿರೋಧಿಸಿ ಅಲ್ಲಿನ ವೈದ್ಯರು 1986ರಲ್ಲಿ 25 ದಿನ ಮುಷ್ಕರ ಹೂಡಿದರು. ಜನ ಅವರ ಬೆನ್ನಿಗೆ ನಿಲ್ಲಲಿಲ್ಲ. ನಿಲ್ಲದಿದ್ದುದು ಸರಿಯೇ ಎಂದು ನನ್ನ ಅಭಿಪ್ರಾಯ. ಬಾಗಿಲು ತೆರೆದಿದೆ ಎಂದು ಬೋರ್ಡು ಹಾಕಿ ಒಳಗಿನಿಂದ ಚಿಲಕ ಹಾಕುವವರಿಗಿಂತ, ಹೊರಟಿದ್ದೇವೆ ಎಂದು ಬರೆದುಕೊಟ್ಟು ಹೋಗುವವರು ಎಷ್ಟೋ ವಾಸಿ.

ಇನ್ನು ಉಳಿದವರ ಮಾತು. ಅಮೆರಿಕದಲ್ಲಿ ಮೆಡಿಕೇರ್ ಅನ್ನು ವಿಧಿವತ್ತಾಗಿ ಬಿಟ್ಟ ವೈದ್ಯರು ನೂರಕ್ಕೆ ಒಬ್ಬರ ಆಸುಪಾಸು. ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ಚಿಂತೆ ಏಕೆ ಎನ್ನಿಸಬಹುದು. ಆದರೆ ಬಿಟ್ಟವರು ಎಲ್ಲ ವಿಭಾಗಗಳಲ್ಲೂ ಸಮನಾಗಿ ಹಂಚಿಹೋಗಿಲ್ಲ. ಅವರಲ್ಲಿ ಮನೋವೈದ್ಯರ ಪಾಲು ಬೇರೆ ಯಾವುದೇ ಒಂದು ವಿಭಾಗದ ಪಾಲಿಗಿಂತ ದೊಡ್ಡದು. ಎಂದರೆ, ತನ್ನ ಪರವಾಗಿ ತಾನು ಮಾತಾಡಲು ಅತಿ ಕಷ್ಟಪಡುವ ರೋಗಿಗೇ ವೈದ್ಯರು ಸಿಗುವುದು ಅತಿ ಕಷ್ಟ. ವಾರ್ಷಿಕ ಸದಸ್ಯತ್ವ ಶುಲ್ಕದ ಮೇಲೆ ಕೆಲವೇ ನೂರು ಜನರನ್ನು ನೋಡುವ ಪದ್ಧತಿಯೂ ಅಲ್ಲಿ ಬೆಳೆದಿದೆ. ಒಬ್ಬ ವೈದ್ಯರು ಸಾವಿರಗಟ್ಟಲೆ ರೋಗಿಗಳಿಂದ ಕೆಲವು ನೂರಕ್ಕೆ ಇಳಿದಾಗ ಆ ಕೆಲವರಿಗೆ ಬೇಕಾದಷ್ಟು ಹೊತ್ತು, ಕೂತು ಕೇಳುವ ವ್ಯವಧಾನ ಸಿಗುತ್ತದೆ. ಒಳ್ಳೆಯದೇ. ಉಳಿದವರು ಎಲ್ಲಿಗೆ ಹೋಗುತ್ತಾರೆ? ಯೋಜನೆಯಲ್ಲೇ ಉಳಿದ ಪಕ್ಕದ ವೈದ್ಯರ ಬಳಿಗೆ. ಆ ವೈದ್ಯರ ಸಾಲು ಇನ್ನಷ್ಟು ಉದ್ದವಾಗುತ್ತದೆ, ತಲಾ ಒಬ್ಬ ರೋಗಿಗೆ ಸಿಗುವ ನಿಮಿಷ ಇನ್ನಷ್ಟು ಕಡಿಮೆಯಾಗುತ್ತದೆ. ಒಂದು ದಿನ ಅವರೂ ಸೋತು ಅದೇ ಅರ್ಜಿಗೆ ಸಹಿ ಹಾಕುತ್ತಾರೆ. ಹೊರಟ ಪ್ರತಿಯೊಬ್ಬರೂ ಉಳಿದವರು ಉಳಿಯುವುದನ್ನು ಇನ್ನಷ್ಟು ಕಷ್ಟ ಮಾಡಿ ಹೋಗುತ್ತಾರೆ. ಹೋಗುವ ಆ ಒಬ್ಬ ವೈದ್ಯರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಪರಿಣಾಮ ಇದೇ.

ಇದು ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಬೇಕೆಂದರೆ ಮತ್ತೆ ಬ್ರಿಟನ್ನಿನ ದಂತವೈದ್ಯರ ಕಡೆ ತಿರುಗಬೇಕು. (ಅಲ್ಲಿಯದು ತೆರಿಗೆಯಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆ. ವಿಮೆ ಎನ್ನಲಾಗದು, ಆದರೆ ವೈದ್ಯರ ಮುಂದಿರುವ ಪ್ರಶ್ನೆ ಅದೇ.) ವರ್ಷಗಟ್ಟಲೆ ಒಬ್ಬೊಬ್ಬರಾಗಿ ಖಾಸಗಿ ಕಡೆಗೆ ವಾಲಿದರು. ಯಾರೂ ಮುಷ್ಕರ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್‌ನಲ್ಲಿ ಸರ್ಕಾರಿ ಸೇವೆಯ ರೋಗಿಗಳನ್ನು ಸೇರಿಸಿಕೊಳ್ಳುವ ಒಂದು ದಂತ ಚಿಕಿತ್ಸಾಲಯ ತೆರೆಯಿತು. ಹೆಸರು ಬರೆಸಲು ನೂರಾರು ಜನ ಬೀದಿಯುದ್ದಕ್ಕೂ ಸಾಲು ನಿಂತರು, ನಿಭಾಯಿಸಲು ಪೊಲೀಸರು ಬರಬೇಕಾಯಿತು. ಅಲ್ಲಿ ನಿಂತವರಿಗೆ ಬೇಕಿದ್ದದ್ದು ಹಲ್ಲು ನೋಡುವ ಒಬ್ಬ ವೈದ್ಯರು, ಅಷ್ಟೆ.

ಹಾಗಾದರೆ ಅನ್ಯಾಯವನ್ನು ನುಂಗಿಕೊಂಡು ಕೂರಬೇಕೇ? ಖಂಡಿತ ಬೇಡ. ಎಲ್ಲರೂ ಕೂಡಿ, ಬಹಿರಂಗವಾಗಿ, ಇಂಥ ಬೇಡಿಕೆ ಈಡೇರಿದರೆ ಮರಳುತ್ತೇವೆ ಎಂದು ಹೇಳಿ ಹೊರಬರುವುದನ್ನು ನಾನು ಬೇರೆಯಾಗಿಯೇ ಎಣಿಸುತ್ತೇನೆ. ಜಪಾನಿನಲ್ಲಿ 1971ರ ಜುಲೈನಲ್ಲಿ ಹಾಗೆ ಆಯಿತು. ವೈದ್ಯಕೀಯ ಸಂಘದ ಅಧ್ಯಕ್ಷ ತಾಕೆಮಿ ತಾರೊ ಅವರ ಮುಂದಾಳತ್ವದಲ್ಲಿ ದೇಶದಾದ್ಯಂತ ವೈದ್ಯರು ವಿಮಾ ನೋಂದಣಿಗೆ ಸಾಮೂಹಿಕ ರಾಜೀನಾಮೆ ಕೊಟ್ಟರು. ಒಂದು ತಿಂಗಳ ಕಾಲ ರೋಗಿಗಳು ಹಣ ತೆತ್ತು ಚಿಕಿತ್ಸೆ ಪಡೆಯಬೇಕಾಯಿತು. ಸರ್ಕಾರ ಮಾತುಕತೆಗೆ ಬಂತು, ವೈದ್ಯರು ಮರಳಿದರು. ಅದಕ್ಕೂ ಮೊದಲು ಕೆನಡಾದ ಸಸ್ಕಾಚೆವಾನ್‌ನಲ್ಲಿ, 1962ರ ಜುಲೈ 1ರಂದು ಸರ್ಕಾರಿ ವಿಮೆ ಜಾರಿಗೆ ಬಂದ ದಿನವೇ ವೈದ್ಯರು ಕೆಲಸ ನಿಲ್ಲಿಸಿದರು. ಗೊತ್ತುಮಾಡಿದ ಕೆಲವು ಆಸ್ಪತ್ರೆಗಳಲ್ಲಿ ತುರ್ತು ಸೇವೆ ಉಳಿಸಿಕೊಂಡಿದ್ದರು. 23 ದಿನಗಳ ನಂತರ ಒಪ್ಪಂದವಾಯಿತು. ವಿಮೆ ಉಳಿಯಿತು, ಬೇಕೆಂದ ವೈದ್ಯರಿಗೆ ಅದರ ಹೊರಗೆ ವೃತ್ತಿ ಮಾಡುವ ಅವಕಾಶವೂ ಸಿಕ್ಕಿತು. ಹತ್ತು ವರ್ಷದೊಳಗೆ ಅಂಥದ್ದೇ ವಿಮೆ ಇಡೀ ಕೆನಡಾಕ್ಕೆ ಹಬ್ಬಿತು.

ಈ ಎರಡೂ ಪ್ರಸಂಗಗಳಲ್ಲಿ ರೋಗಿಗಳು ನೋವುಂಡರು, ಅದನ್ನು ಮುಚ್ಚಿಡಲಾರೆ. ಒಂದೇ ತಿಂಗಳಲ್ಲಿ ಅಷ್ಟು ಜನರಿಗೆ ತೊಂದರೆ ಕೊಡುವುದಕ್ಕಿಂತ ಒಬ್ಬ ವೈದ್ಯರು ಸುಮ್ಮನೆ ಸರಿದುಕೊಳ್ಳುವುದೇ ಮೇಲಲ್ಲವೇ ಎಂದು ಹಿರಿಯ ವೈದ್ಯರೊಬ್ಬರು ನನ್ನನ್ನು ಕೇಳಿದ್ದಾರೆ. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಸಾಮೂಹಿಕ ನಿರ್ಧಾರಕ್ಕೆ ಒಂದು ಗುರಿ ಇದೆ, ಮರಳುವ ದಿನವಿದೆ, ಅದು ಇಡೀ ಊರಿಗೆ ಕೇಳುವ ಹಾಗೆ ಆಗುತ್ತದೆ. ಗೆದ್ದರೆ ಅದರ ಫಲ ಮುಂದಿನ ರೋಗಿಗೂ ಸಿಗುತ್ತದೆ. ಒಂಟಿಯಾಗಿ ಸರಿದುಕೊಂಡವರು ಗೆದ್ದರೆ ಫಲ ಅವರಿಗೆ ಮಾತ್ರ. ತುರ್ತು ಚಿಕಿತ್ಸೆ, ಹೆರಿಗೆ, ಡಯಾಲಿಸಿಸ್, ಅರ್ಧಕ್ಕೆ ನಿಲ್ಲಿಸಲಾಗದ ಕ್ಯಾನ್ಸರ್ ಚಿಕಿತ್ಸೆ, ಇವನ್ನು ಕೈಬಿಡದೆ ಮಾಡುವ ಹೋರಾಟದ ಪರವಾಗಿ ಕೌಂಟರಿನಲ್ಲಿ ನಿಂತು ಉತ್ತರ ಹೇಳಲು ನಾನು ಸಿದ್ಧಳಿದ್ದೇನೆ.

ಜರ್ಮನಿಯಲ್ಲಿ ಇಂಥ ಸಾಮೂಹಿಕ ರಾಜೀನಾಮೆಗೆ ಕಾನೂನು ಬಲವಾದ ಬೇಲಿ ಹಾಕಿದೆ. ಹಾಗೆ ಹೊರಬಂದವರು ಆರು ವರ್ಷ ಮರಳಿ ಬರುವಂತಿಲ್ಲ. 2010ರ ಡಿಸೆಂಬರಿನಲ್ಲಿ ಬವೇರಿಯಾದ ಕುಟುಂಬ ವೈದ್ಯರು ಪ್ರಯತ್ನಿಸಿದರು, ಬೇಕಾದಷ್ಟು ಸಹಿ ಬೀಳಲಿಲ್ಲ. ಒಂಟಾರಿಯೊ 2004ರ ಕಾನೂನಿನಿಂದ ಹೊಸದಾಗಿ ಹೊರಹೋಗುವ ದಾರಿಯನ್ನೇ ಮುಚ್ಚಿತು. ಇಲ್ಲಿ ಯೋಜನೆ ನಡೆಸುವವರಿಗೂ ಒಂದು ಮಾತು ಹೇಳಬೇಕು. ಬೇಲಿ ಹಾಕುವ ಅಧಿಕಾರ ನಿಮಗಿರಬಹುದು. ಆದರೆ ನ್ಯಾಯವಾದ ದರ, ಗೊತ್ತಾದ ದಿನಕ್ಕೆ ಹಣ, ಕಡಿತಕ್ಕೆ ಬರಹದಲ್ಲಿ ಕಾರಣ, ಆ ಕಾರಣವನ್ನು ಪ್ರಶ್ನಿಸಲು ಮನುಷ್ಯರು ಕೂತಿರುವ ಒಂದು ಕಚೇರಿ ಇಷ್ಟನ್ನೂ ಕೊಡದೆ ಬೇಲಿ ಹಾಕಿದರೆ ನಾನು ಮೇಲೆ ಹೇಳಿದ ಕಳ್ಳ ಚಿಲಕಗಳೇ ಹೆಚ್ಚುತ್ತವೆ. ಹಣ ತಡವಾದರೆ ಬಡ್ಡಿ ಸೇರಿಸಿ ಕೊಡಿ. ದರ ನಿಗದಿಯಾಗುವ ಮೇಜಿಗೆ ಕೆಲಸ ಮಾಡುವ ವೈದ್ಯರನ್ನೂ, ಚಿಕ್ಕ ಆಸ್ಪತ್ರೆಯವರನ್ನೂ ಕರೆಯಿರಿ. ವೈದ್ಯರ ಸೇವಾಭಾವವನ್ನು ನಂಬಿಕೊಂಡು ಯೋಜನೆಯ ಲೆಕ್ಕ ಸರಿದೂಗಿಸುವುದು ಅನೀತಿಯೇ, ಹೊರಹೋಗುವ ವೈದ್ಯರಿಗೆ ನೀತಿ ಹೇಳುವ ಮುನ್ನ ಅದನ್ನು ಒಪ್ಪಿಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೂ ಬಿಡಲೇಬೇಕು ಎನ್ನುವವರು ನಿಮ್ಮಲ್ಲಿ ಇರುತ್ತೀರಿ. ಸಾಲ, ಕಾಯಿಲೆ, ಮನೆಯ ಕಷ್ಟ ಯಾರಿಗೆ ಏನಿದೆಯೋ ನನಗೆ ಗೊತ್ತಾಗುವುದಿಲ್ಲ. ನಿಮ್ಮನ್ನು ತಡೆಯುವ ಹಕ್ಕು ನನಗಿಲ್ಲ. ಹೋಗುವ ರೀತಿಯ ಬಗ್ಗೆ ಮಾತ್ರ ಕೇಳಿಕೊಳ್ಳುತ್ತೇನೆ. ಸುದ್ದಿಯನ್ನು ಕೌಂಟರಿನವರ ಬಾಯಲ್ಲಿ ಹೇಳಿಸಬೇಡಿ. ನಿಮ್ಮ ಕೋಣೆಯಲ್ಲಿ, ಮುಖ ನೋಡಿ, ನೀವೇ ಹೇಳಿ. ನಾಳೆಯಿಂದಲೇ ಎನ್ನಬೇಡಿ, ಬೇರೆ ವೈದ್ಯರನ್ನು ಹುಡುಕಿಕೊಳ್ಳಲು ಸಾಕಾಗುವಷ್ಟು ತಿಂಗಳು ಕೊಡಿ. ಮಾತ್ರೆ ಇಳಿಸುತ್ತಿರುವವರು, ಹೊಲಿಗೆ ಮಾಯದವರು, ತಿಂಗಳು ತುಂಬಿದ ಬಸುರಿಯರು, ಇವರನ್ನು ದಡ ಮುಟ್ಟಿಸಿ ಆಮೇಲೆ ಹೊರಡಿ. ಫೈಲನ್ನು ಕೈಗೆ ಕೊಟ್ಟು ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ನೋಡಲು ಒಪ್ಪಿದ ಇನ್ನೊಬ್ಬ ವೈದ್ಯರ ಹೆಸರು ಅದರ ಮೇಲಿರಬೇಕು, ಆ ವೈದ್ಯರಿಗೆ ನೀವೇ ಒಂದು ಫೋನು ಮಾಡಿರಬೇಕು. ಯಾಕೆ ಬಿಟ್ಟಿರಿ ಎಂಬುದನ್ನು ಯೋಜನೆಗೆ ಬರೆದುಕೊಡಿ, ಆ ಪತ್ರ ಹೊರಗಿನ ಜನಕ್ಕೂ ಕಾಣಲಿ. ವೈಯಕ್ತಿಕ ಕಾರಣ ಎಂಬ ಎರಡು ಪದದಲ್ಲಿ ಮುಗಿಸಿದರೆ ನಿಮ್ಮ ನಂತರ ಬರುವವರಿಗೂ ಅದೇ ದರ, ಅದೇ ಕಡಿತ.

ಇನ್ನೂ ಯೋಚನೆಯಲ್ಲಿರುವವರಿಗೆ ನನ್ನ ಕೈಲಾದದ್ದು ಒಂದಿದೆ. ಯಾವ ಕ್ಲೇಮು ಎಷ್ಟು ದಿನ ತಡವಾಯಿತು, ಯಾವುದರಲ್ಲಿ ಏನು ಕಡಿತವಾಯಿತು, ಯಾವ ಕಾರಣಕ್ಕೆ ವಾಪಸ್ ಬಂತು ಎಂಬ ದಾಖಲೆ ನನ್ನಂಥವರ ಕಂಪ್ಯೂಟರಿನಲ್ಲಿದೆ. ಪ್ರತಿ ಆಸ್ಪತ್ರೆಯಲ್ಲೂ ಇದೆ. ಆಡಳಿತದವರ ಅನುಮತಿ ಪಡೆದು, ರೋಗಿಗಳ ಹೆಸರು ತೆಗೆದು, ಅದನ್ನು ಒಟ್ಟುಗೂಡಿಸಿ ಕೊಡುತ್ತೇನೆ. ನಿಮ್ಮ ಸಂಘದ ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ, ಅಧಿಕಾರಿಗಳ ಮುಂದೆ ಇಡಿ, ಪತ್ರಿಕೆಗೆ ಕೊಡಿ. ಅದರ ಜೊತೆಗೇ ಇನ್ನೊಂದು ಪಟ್ಟಿಯನ್ನೂ ನಿಮ್ಮ ಮೇಜಿಗೆ ತಲುಪಿಸುತ್ತೇನೆ: ಈಗ ನಿಮ್ಮಲ್ಲಿ ಯೋಜನೆಯಡಿ ಚಿಕಿತ್ಸೆಯ ಮಧ್ಯದಲ್ಲಿರುವವರು ಯಾರು ಯಾರು, ಅವರಲ್ಲಿ ಯಾರ ಕಾಯಿಲೆಗೆ ಹತ್ತಿರದಲ್ಲಿ ಬೇರೆ ವೈದ್ಯರು ಸಿಗುತ್ತಾರೆ, ಯಾರಿಗೆ ಸಿಗುವುದಿಲ್ಲ ಎಂಬುದು. ಸಹಿ ಹಾಕುವ ಮುನ್ನ ಎರಡನ್ನೂ ಕೂತು ಓದಿ. ಸಂಜೆ ಓಪಿಡಿ ಮುಗಿದ ಮೇಲೆ ಯಾವಾಗ ಕರೆದರೂ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ವಿಮಾ ವಿಭಾಗದ ಒಬ್ಬ ಉದ್ಯೋಗಿ